ಏಳನೇ ಗುಂಡಿ

ಚಿಂತಾಮಣಿಯ ಹಳೇ ಸಂತೆಬೀದಿಯಲ್ಲಿ
ನನ್ನದು ತಕ್ಕಡಿ ರಿಪೇರಿ.
ವರ್ಷಕ್ಕೊಮ್ಮೆ ಬರುತ್ತಿದ್ದರು
ಅಳತೆ-ತೂಕದ ಇನ್‌ಸ್ಪೆಕ್ಟರ್ ಪಿಳ್ಳಮುನಿಯಪ್ಪನವರು.
ತೂಕದ ಕಲ್ಲಿನ ತಳದ ತೂತಿಗೆ
ನಾನು ಸೀಸ ಕಾಯಿಸಿ ಹುಯ್ಯಬೇಕು,
ಆರಿದ ಮೇಲೆ ಅವರು ಮುದ್ರೆಯ ಮೊಳೆ ಇಟ್ಟು
ಒಂದೇ ಏಟು.
ಎರಡನೇ ಏಟು ಹೊಡೆದದ್ದನ್ನು ನಾನು ಕಂಡಿಲ್ಲ.

ಒಂದು ಮಧ್ಯಾಹ್ನ, ಮಂಡಿಯವರೆಲ್ಲ ಊಟಕ್ಕೆ ಎದ್ದಾಗ,
ಚೀಲದಿಂದ ಮರದ ಪೆಟ್ಟಿಗೆ ತೆಗೆದರು.
ಒಳಗೆ ರೇಷ್ಮೆಗೂಡಿನ ಜುಂಗು ಹಾಸಿತ್ತು,
ಏಳು ಗುಂಡಿ, ಆರರಲ್ಲಿ ಬಿಲ್ಲೆ.
ಕೋಲಿನ ತುದಿಗೆ ಟೋಪಿ ಸಿಕ್ಕಿಸಿ ಹಿಡಿದ ಹೆಂಗಸು.
ಕೈ ಎತ್ತಿ ಆಣೆ ಇಡುವ ನೂರಾರು ಜನ,
ಒಬ್ಬೊಬ್ಬರೂ ಸಾಸಿವೆಯಷ್ಟು.
ಕಡ್ಡಿಗಳ ಕಟ್ಟನ್ನು ಮೊಣಕಾಲಿಗಿಟ್ಟು
ಮುರಿಯಲಾಗದೆ ಬೆವರುವ ಜಟ್ಟಿ.
ಪುದುಚೇರಿಯ ಹಳೇ ಸಾಮಾನಿನವನ ಹತ್ತಿರ
ಕಂತಿನ ಮೇಲೆ ತಂದದ್ದಂತೆ. ಹದಿನಾರು ವರ್ಷದ ಭತ್ಯೆಯ ದುಡ್ಡು.
ಆಂಜಿನಮ್ಮನವರ ಕೊರಳಲ್ಲಿ ಆಗಲೂ
ಅರಿಶಿನದ ಕೊಂಬೇ.

'ರಾಜನ ತಲೆ ತೆಗೆದೋರಂತೆ. ನಮಗೂ ಅವರಿಗೂ ಏನು ಸರ್?'
ಒಂದು ಕಿಲೋ ಕಲ್ಲೆತ್ತಿ ನನ್ನ ಅಂಗೈಗಿಟ್ಟರು.
'ಇದು ಅವರದೇ ಕಣೋ ದಸ್ತಗೀರಾ.

ನಮ್ಮ ತಾತ ರಾಗಿ ಸಾಲ ತರೋವಾಗ ಒಂದು ಸೇರು,
ತೀರಿಸೋವಾಗ ಇನ್ನೊಂದು.
ಎರಡೂ ಸಾಹುಕಾರನ ಮನೇಲಿ ಒಂದೇ ಗೂಟಕ್ಕೆ ನೇತಾಡ್ತಿದ್ದವು.
ತಾತನಿಗೆ ಗೊತ್ತಿತ್ತು.
ಗೊತ್ತಿದ್ದೂ ಸೆರಗು ಒಡ್ಡಿದ, ಟವಲಿನ ಸೆರಗು.
ಅಲ್ಲೂ ಹಾಗೇ. ಊರಿಗೊಂದು ಸೇರು, ಧಣಿಗೊಂದು ಕೊಳಗ.
ಒಂದೇ ಅಳತೆ ಕೊಡಿ ಸ್ವಾಮಿ ಅಂತ
ಜನ ಮೊದಲು ಬರೆದದ್ದು ಅರ್ಜಿ.
ತಲೆ ಆಮೇಲೆ.'

ಆರನೆಯದು ಸೀಸದ್ದು.
'ಕೆಡವಿದ ಸೆರೆಮನೆಯ ಸೀಸ ಅಂತ ಮಾರಿದ್ದಾನೆ. ನೋಡು.'
ಕಾಗದಕ್ಕೆ ಉಜ್ಜಿದೆ, ಬೂದಿಗೆರೆ ಬಂತು.
ಗಾಳಿಯಲ್ಲಿ ತೂಗಿದೆ, ನೀರಲ್ಲಿ ತೂಗಿದೆ.
'ಸೀಸವೇ ಸರ್. ಯಾವ ಗೋಡೆಯದು ಅಂತ
ಸೀಸ ಹೇಳಲ್ಲ.'
ಐದು ಗ್ರಾಂ ಕಮ್ಮಿಗೆ ಕೇಸು ಬರೆಯುವ ಮನುಷ್ಯ
ಅದನ್ನು ಉಸಿರಿನಿಂದ ಮಸುಕು ಮಾಡಿ, ಪಂಚೆಯಲ್ಲಿ ಒರೆಸಿ,
ಮತ್ತೆ ಅದರ ಗುಂಡಿಗೇ ಇಟ್ಟರು.

'ಏಳನೆಯದು?'
'ಎಲ್ಲ ಕಾಲಕ್ಕೆ, ಎಲ್ಲ ಜನಕ್ಕೆ
ಅಂತ ಬರೆದು, ಹೊಸ ಅಳತೆಯ ಹೆಸರಲ್ಲಿ
ಒಂದು ಬಿಲ್ಲೆ ಟಂಕಿಸೋಣ ಅಂದಿದ್ದರಂತೆ.
ಅಷ್ಟರಲ್ಲಿ ಸರ್ಕಾರವೇ ಬೇರೆ.
ನಲವತ್ತು ವರ್ಷ ಕಳೆದು ಯಾರೋ ಹೊಡೆಸಿದರು. ಅದು ನನಗೆ ಬೇಡ,
ಆಗಿನದೇ ಬೇಕು.'
'ಆಗ ಹೊಡೀಲೇ ಇಲ್ಲವಲ್ಲ ಸರ್.'
'ಅದಕ್ಕೇ ಗುಂಡಿ.'

ಅವರು ಹೋದ ಮೇಲೆ ಅಳಿಯ ಪೆಟ್ಟಿಗೆಯನ್ನು
ಪುದುಚೇರಿಗೆ ಒಯ್ದನಂತೆ, ಅದೇ ಅಂಗಡಿಗೆ.
ಅವನು ಆರನ್ನೂ ಬೆರಳಲ್ಲಿ ತಿರುವಿ
'ಏಳನೆಯದು ತನ್ನಿ, ಬೆಲೆ ಅದಕ್ಕೆ' ಅಂದನಂತೆ.
ಅಳಿಯ ಎರಡು ದಿನ ಮನೆಯೆಲ್ಲ ಹುಡುಕಿಸಿದ.
ಅಕ್ಕಿ ಡಬ್ಬದೊಳಗೂ.

ನನ್ನ ಕೆಲಸ ಮುಗಿದು ಎಷ್ಟೋ ಕಾಲ.
ಟೊಮೆಟೊ ಮಂಡಿಯಲ್ಲೂ ಈಗ ಕೆಂಪಂಕಿ ಮಿನುಗುವ ತಕ್ಕಡಿ.
ಮೊನ್ನೆ ಉಳಿದ ಕಲ್ಲನ್ನೆಲ್ಲ ಗುಜರಿಯವನಿಗೆ ಹಾಕಿದೆ.
ತೂಕದ ಕಲ್ಲನ್ನು ತೂಗುತ್ತಾನೆ ಅವನು!
ನಾನು ಬಾಯಲ್ಲೇ ಕೂಡಿದ್ದೆ:
ಹತ್ತರದು ಎರಡು, ಐದರದು ಮೂರು, ಬಿಡಿ ಆರು.
ನಲವತ್ತೊಂದು ಕಿಲೋ.
ಅವನ ಯಂತ್ರ ಮೂವತ್ತೆಂಟೂವರೆ ಅಂದಿತು.

ಒಂದೊಂದರ ತಳದಲ್ಲೂ ಅವರ ಒಂದೇ ಏಟಿನ ಮುದ್ರೆ
ಮೇಲ್ಮುಖವಾಗಿ ಬಿದ್ದಿತ್ತು, ಬಿಸಿಲಿಗೆ.
ಗುಜರಿಯವನು ನೋಟು ಎಣಿಸುತ್ತಿದ್ದ.
ಗೊತ್ತಿತ್ತು ನನಗೆ.
ಗೊತ್ತಿದ್ದೂ
ಕೈ ಒಡ್ಡಿದೆ.